ಕಂದು–ಬಿಳಿ ಮಫ್ಲರಿನ ನಾಮಕರಣ

ಬೆಂದ ಗೋಧಿಯ ವಾಸನೆಗೆ ನಿಂಬೆಸಿಪ್ಪೆಯ ವಾಸನೆ ಸೇರಬಾರದಿತ್ತು. ಸೇರಿಬಿಟ್ಟಿತು.

ಕಳೆದ ಭಾನುವಾರ ಬೆಳಿಗ್ಗೆ ಸಿಡ್ನಿಯ ಸ್ಕೋಫೀಲ್ಡ್ಸಿನ ನಮ್ಮ ಮನೆಯಲ್ಲಿ ಹೆಂಡತಿ ಗೋಧಿ ಹುಗ್ಗಿ ಮಾಡುತ್ತಿದ್ದಳು. ಮಾರ್ಸ್ಡನ್ ಪಾರ್ಕಿನಲ್ಲಿರುವ ಗೆಳೆಯರ ಮಗುವಿಗೆ ಅವತ್ತು ನಾಮಕರಣ. ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿಕೊಂಡು ಬರುವುದು ಎಂದು ವಾಟ್ಸಾಪ್ ಗುಂಪಿನಲ್ಲಿ ತೀರ್ಮಾನವಾಗಿತ್ತು. ದಾವಣಗೆರೆಯವರು ಎಂದ ಮೇಲೆ ಕೇಳಬೇಕೆ, ಹುಗ್ಗಿ ನಮ್ಮ ಪಾಲಿಗೆ ಬಂತು. ಎಲ್ಲ ಸರಿಯಾಗಿಯೇ ಇತ್ತು, ಏಲಕ್ಕಿ ಡಬ್ಬಿ ಮಾತ್ರ ಖಾಲಿ. ಹೆಂಡತಿ ಮೇಲಿನ ಶೆಲ್ಫೆಲ್ಲ ತಡಕಾಡುತ್ತಿರುವಾಗ, ಸದಾ ಕೇಕ್ ವಿಡಿಯೋ ನೋಡುವ ನಮ್ಮ ಮಗಳು ಹಿತ್ತಲಿನ ಗಿಡದಿಂದ ಒಂದು ನಿಂಬೆಹಣ್ಣು ತಂದು, ಅದರ ಸಿಪ್ಪೆಯನ್ನು ಬಿಸಿ ಪಾತ್ರೆಯ ಮೇಲೆ ಬರಬರನೆ ತುರಿದುಬಿಟ್ಟಳು.

“ಏ, ಏನೇ ಮಾಡ್ದೆ! ಹುಗ್ಗಿಗೆ ಯಾರಾದ್ರೂ ನಿಂಬೆಹಣ್ಣು ಹಾಕ್ತಾರೇನೇ?”

“ರಿಲ್ಯಾಕ್ಸ್ ಅಮ್ಮಾ, ಜಸ್ಟ್ ದ ಸ್ಕಿನ್. ಇಟ್ ಸ್ಮೆಲ್ಸ್ ನೈಸ್.”

“ನೀವಾದ್ರೂ ಹೇಳ್ರೀ ಇವಳಿಗೆ!”

ನಾನು ಬೆಲ್ಲದ ಪೊಟ್ಟಣ ಹಿಡಿದು ನಿಂತವನು ನಿಂತೇ ಇದ್ದೆ. ಮೂಗಿಗೆ ಬಂದದ್ದು ನಮ್ಮ ಅಡುಗೆಮನೆಯ ವಾಸನೆಯಾಗಿರಲಿಲ್ಲ. ಮೆಲ್ಬರ್ನಿನ ಪಶ್ಚಿಮದ ಒಂದು ಸಬರ್ಬಿನಲ್ಲಿ, ಹಳೆಯ ಹಲಗೆ ಮನೆಯೊಂದರ ಅಡುಗೆಕೋಣೆ, ಕಿಟಕಿಯ ಗಾಜಿನ ಮೇಲೆ ಹಬೆ, ಒಲೆಯ ಮುಂದೆ ಮಫ್ಲರ್ ಸುತ್ತಿಕೊಂಡು ನಿಂತ ಎತ್ತರದ ಮುದುಕ… ಅಂಕಲ್.

ಓದುವುದಕ್ಕೆಂದು ಬಂದ ಕಾಲದಲ್ಲಿ ನಾನು ಅವರ ಮನೆಯ ಹಿತ್ತಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ರೊಮೇನಿಯಾದವರು. ಅಲ್ಲಿ ಹಳೆಯ ಸರ್ಕಾರದ ಬಿಗಿ ಇದ್ದಾಗಲೇ ಗಡಿ ದಾಟಿ, ಎಲ್ಲೆಲ್ಲಿಯೋ ಇದ್ದು, ಕೊನೆಗೆ ಮೆಲ್ಬರ್ನಿಗೆ ಬಂದು, ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆಗಿದ್ದರು. ಹೆಂಡತಿಯೂ ಅವರ ಊರಿನವರೇ. ಮಕ್ಕಳಿರಲಿಲ್ಲ. ನನಗೆ ಅವರು ಅಂಕಲ್, ಅವರ ಹೆಂಡತಿ ಆಂಟಿ, ಅಷ್ಟೇ. ಮಾತೆಲ್ಲ ಮುರುಕು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ನೆನಪಿನಲ್ಲಿ ಮಾತ್ರ ಅವರಿಬ್ಬರೂ ಯಾಕೋ ಕನ್ನಡದಲ್ಲೇ ಮಾತಾಡುತ್ತಾರೆ.

ಮನೆ ನೋಡಲು ಹೋದ ದಿನ ರೆಂಟು, ಬಾಂಡು ಏನನ್ನೂ ಕೇಳದೆ ಅಂಕಲ್ ಮೊದಲು ಕೇಳಿದ್ದು, “ನಿನ್ನ ಟೀಮ್ ಯಾವುದು?” ನಾನು ಕ್ರಿಕೆಟ್ ಎಂದೆ. ಮುಖ ಸಿಂಡರಿಸಿದರು. “ಟೀವಿಯಲ್ಲಿ ಬರೋದಲ್ಲ. ನಿನ್ನ ಊರಿನದು.” ಏನು ಹೇಳುವುದು? ನಮ್ಮೂರಲ್ಲಿ ಕಾಟನ್ ಮಿಲ್ಲುಗಳಿದ್ದವು, ಅಪ್ಪ ಕೆಲಸ ಮಾಡುತ್ತಿದ್ದ ಮಿಲ್ಲಿಗೊಂದು ವಾಲಿಬಾಲ್ ಟೀಮಿತ್ತು, ಮಿಲ್ಲು ಮುಚ್ಚಿದ ಮೇಲೆ ಟೀಮೂ ಹೋಯಿತು ಎಂದೆ. ಅವರು ತಕ್ಷಣ ಒಳಗೆ ತಿರುಗಿ ಆಂಟಿಗೆ ಏನನ್ನೋ ಕೂಗಿ ಹೇಳಿದರು. ಆಂಟಿ ಒಂದು ಬಟ್ಟಲು ಸೂಪ್ ತಂದಿಟ್ಟು, “ಕುಡಿ. ಇನ್ನು ಈ ಮನುಷ್ಯ ನಿನ್ನ ಬಿಡೋದಿಲ್ಲ,” ಎಂದರು. ನಿಜವಾಗಿಯೂ ಬಿಡಲಿಲ್ಲ ಮಹರಾಯ.

ಅಂಕಲ್ಲಿನ ಊರೂ ಬಟ್ಟೆ ಮಿಲ್ಲಿನ ಊರು. ನದಿಯ ದಂಡೆಯಲ್ಲಿ ಮಿಲ್ಲು, ಮಿಲ್ಲಿನ ಬೆನ್ನಿಗೆ ಫುಟ್‌ಬಾಲ್ ಮೈದಾನ. ಕೆಲಸಗಾರರೇ ಸೇರಿ ಕಟ್ಟಿದ ಕ್ಲಬ್ಬು ಅದು. ಮೊದಲ ಜರ್ಸಿಗೆ ಬಣ್ಣ ಹಾಕಲು ಮಿಲ್ಲಿನಲ್ಲಿ ಉಳಿದಿದ್ದು ಕಂದು ಬಣ್ಣವೊಂದೇ, ಅದಕ್ಕೇ ಕೊನೆಯವರೆಗೂ ಕಂದು–ಬಿಳಿ. ಆಟಗಾರರ ಹೆಸರು ಮಿಲ್ಲಿನ ಹಾಜರಿ ಪುಸ್ತಕದಲ್ಲಿ ನೇಕಾರರೆಂದೇ ಇರುತ್ತಿತ್ತಂತೆ. ಒಬ್ಬನೂ ಮಗ್ಗ ಮುಟ್ಟಿದವನಲ್ಲ. ಭಾನುವಾರ ಚರ್ಚು ಮುಗಿಸಿ ಇಡೀ ಊರು ಬಂದು ಸಿಮೆಂಟಿನ ಮೆಟ್ಟಿಲ ಮೇಲೆ ಪೇಪರ್ ಹಾಸಿಕೊಂಡು ಕೂರುತ್ತಿತ್ತು. ಎಲ್ಲರ ಕೈಯಲ್ಲೂ ಹುರಿದ ಸೂರ್ಯಕಾಂತಿ ಬೀಜ. ಆಟ ಮುಗಿಯುವಷ್ಟರಲ್ಲಿ ಕಾಲು ಮುಚ್ಚುವಷ್ಟು ಸಿಪ್ಪೆ. ಒಂದೇ ಒಂದು ಸಲ ಆ ಕ್ಲಬ್ಬು ದೇಶದ ಮೊದಲ ದರ್ಜೆಗೆ ಏರಿತ್ತು. ಆ ವರ್ಷ ರಾಜಧಾನಿಯಿಂದ ಬಂದ ದೊಡ್ಡ ತಂಡವೊಂದನ್ನು ಸೋಲಿಸಿತು, ಮರುವರ್ಷ ಕೆಳಗಿಳಿಯಿತು. ಆ ಒಂದು ಗೆಲುವನ್ನು ಅಂಕಲ್ ನನಗೆ ಎಷ್ಟು ಸಲ ಹೇಳಿದರೋ! ಬರುಬರುತ್ತ ಆ ಗೋಲು ನಾನೇ ಹೊಡೆದೆನೇನೋ ಅನ್ನಿಸತೊಡಗಿತ್ತು.

ಸರ್ಕಾರ ಬಿದ್ದ ಮೇಲೆ ಮಿಲ್ಲು ಗುಜರಿಗೆ ಹೋಯಿತು. ಕ್ಲಬ್ಬಿಗೆ ಒಬ್ಬರಾದ ಮೇಲೊಬ್ಬರು ಮಾಲೀಕರು ಬಂದರು. ಒಬ್ಬ ಜೈಲಿಗೆ ಹೋದ, ಇನ್ನೊಬ್ಬ ಹೇಳದೆ ಕೇಳದೆ ಪರಾರಿಯಾದ. ಊರಿನ ಹುಡುಗರೆಲ್ಲ ಇಟಲಿ, ಸ್ಪೇನು ಎಂದು ಕೆಲಸಕ್ಕೆ ಹೊರಟುಹೋದರು. ನಾನಿದ್ದ ಕಾಲಕ್ಕೆ ಅದು ಎರಡನೇ ದರ್ಜೆಯ ತಳದಲ್ಲಿ ಏದುಸಿರು ಬಿಡುತ್ತಿತ್ತು. ಅಲ್ಲಿ ಸಂಜೆ ಆಟವಾದರೆ ನಮಗಿಲ್ಲಿ ಬೆಳಗಿನ ಜಾವ. ಅಂಕಲ್ ಅಡುಗೆಕೋಣೆಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಆ ಊರಿನ ರೇಡಿಯೋ ಕೇಳುತ್ತಿದ್ದರು. ನಾನು ಪಾರ್ಟ್‌ಟೈಮ್ ಕೆಲಸಕ್ಕೆ ಹೊರಡುವಾಗ ಇಣುಕಿ ನೋಡುತ್ತಿದ್ದೆ. ಮುಖ ನೋಡಿದರೇ ಸ್ಕೋರ್ ಗೊತ್ತಾಗುತ್ತಿತ್ತು.

ಊರು ಬಿಟ್ಟ ಮೇಲೆ ಅವರು ಒಂದು ಸಲವೂ ಆ ಮೆಟ್ಟಿಲ ಮೇಲೆ ಕೂತಿರಲಿಲ್ಲ. ಮೊದಲು ಹೋಗುವ ಹಾಗಿರಲಿಲ್ಲ, ಆಮೇಲೆ ರಜೆ ಸಿಗಲಿಲ್ಲ, ಆಮೇಲೆ ಆಂಟಿಯ ಸೊಂಟದ ಆಪರೇಷನ್. ಪ್ರತಿ ವರ್ಷವೂ “ಮುಂದಿನ ಸೀಸನ್ನಿಗೆ” ಎನ್ನುವರು. ಕೊನೆಗೊಂದು ವರ್ಷ ಗಟ್ಟಿ ಮನಸ್ಸು ಮಾಡಿ ಟಿಕೆಟ್ ಬುಕ್ ಮಾಡಿದರು. ಸೀಸನ್ನಿನ ಮೊದಲ ಆಟಕ್ಕೆ ಅಲ್ಲಿರಬೇಕೆಂದು ಲೆಕ್ಕ. “ನನಗೆ ಇನ್ನೇನೂ ಬೇಡ ಹುಡುಗ. ನಾನು ಸಾಯುವಾಗ ಅದು ಇರಬೇಕು. ಅಷ್ಟೇ. ಮನುಷ್ಯ ಸಾಯ್ತಾನೆ, ಕ್ಲಬ್ಬು ಸಾಯಬಾರದು.” ಚಳಿಗಾಲದ ಒಂದು ಮಧ್ಯಾಹ್ನ ಸೂಟ್‌ಕೇಸಿನ ಧೂಳು ಒರೆಸುತ್ತ ಈ ಮಾತು ಹೇಳಿದ್ದರು.

ಅದಾಗಿ ಸ್ವಲ್ಪ ದಿನಕ್ಕೆ ನಾನು ಕಾಲೇಜಿನಿಂದ ಬಂದಾಗ ಅಂಕಲ್ ಒಲೆಯ ಮುಂದೆ ಒದ್ದಾಡುತ್ತಿದ್ದರು. ದೊಡ್ಡ ಪಾತ್ರೆಯಲ್ಲಿ ಇಡಿ ಗೋಧಿ ಕುದಿಯುತ್ತಿತ್ತು, ಎಷ್ಟು ಕುದಿದರೂ ಕಲ್ಲಿನ ಹಾಗೇ ಇತ್ತು. ನನಗೋ ಗೋಧಿ ಕಂಡ ಕೂಡಲೇ ಊರಿನ ಮದುವೆಮನೆ ಕಂಡಷ್ಟು ಖುಷಿ. “ಅಯ್ಯೋ ಅಂಕಲ್, ಹೀಗಲ್ಲ, ಬಿಡಿ ಇಲ್ಲಿ,” ಎಂದು ತೋಳು ಮಡಚಿಕೊಂಡೆ. ಬೇರೆ ಗೋಧಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಆಂಟಿಯ ಲಟ್ಟಣಿಗೆಯಿಂದ ಕುಟ್ಟಿ, ಹೊಟ್ಟು ತೂರಿ, ನೆನೆಸಿಟ್ಟು, ಮಾರನೆಯ ದಿನ ಬೆಣ್ಣೆಯ ಹಾಗೆ ಬೇಯಿಸಿಕೊಟ್ಟೆ. ಹಾಡು ಬೇರೆ ಗುನುಗುತ್ತಿದ್ದೆ, ನನ್ನ ಕರ್ಮ. ಅಂಕಲ್ ಅದಕ್ಕೆ ಸಕ್ಕರೆ, ಆಕ್ರೋಟು, ನಿಂಬೆಸಿಪ್ಪೆಯ ತುರಿ ಬೆರೆಸಿದರು. ತಟ್ಟೆಯಲ್ಲಿ ಗುಡ್ಡೆ ಮಾಡಿ, ಮೇಲೆ ಸಕ್ಕರೆ ಪುಡಿಯನ್ನು ಬೆಳ್ಳಗೆ ಉದುರಿಸಿ, ಕೋಕೋ ಪುಡಿಯಲ್ಲಿ ಒಂದು ಶಿಲುಬೆ ಬರೆದರು. ಕಂದು, ಬಿಳಿ. ಆ ಕಂದು–ಬಿಳಿ ಮಫ್ಲರು ಕುತ್ತಿಗೆಯಲ್ಲೇ ಇತ್ತು.

ಮೊದಲ ಬಟ್ಟಲು ನನ್ನ ಕೈಗೆ ಕೊಟ್ಟರು. ನಾನು ಹಲ್ಲು ಕಿರಿದು, “ಗೆದ್ದರಾ ಅಂಕಲ್? ಕಂಗ್ರಾಟ್ಸ್!” ಎಂದೆ.

ಬಾಗಿಲಲ್ಲಿ ನಿಂತಿದ್ದ ಆಂಟಿ ಹಣೆ ಚಚ್ಚಿಕೊಂಡರು. “ಅದು ಸತ್ತವರ ಊಟ ಕಣಪ್ಪ! ಕೊಲೀವಾ ಅಂತಾರೆ. ಯಾರಾದರೂ ತೀರಿಕೊಂಡರೆ ಅವರ ಹೆಸರಲ್ಲಿ ಹಂಚೋದು. ಇವನ ಕ್ಲಬ್ಬು ಮುಚ್ಚಿದೆ. ಲೀಗಿನಿಂದ ಹೆಸರು ಹೊಡೆದು ಹಾಕಿದ್ದಾರೆ. ನಾನು ಮಾಡಿಕೊಡಲ್ಲ ಅಂದೆ. ಮನುಷ್ಯರಿಗೆ ಮಾಡೋದನ್ನ ಚೆಂಡಾಟಕ್ಕೆ ಮಾಡಿದರೆ ದೇವರು ಮೆಚ್ಚುತ್ತಾನಾ? ಇವನ ಅಮ್ಮ ಸತ್ತಾಗಲೂ ಹೀಗೆ ಅಳಲಿಲ್ಲ, ಚಡ್ಡಿ ಹಾಕಿಕೊಂಡು ಓಡೋ ಗಂಡಸರಿಗೋಸ್ಕರ ಅಳ್ತಾ ಕೂತಿದ್ದಾನೆ!”

ನನ್ನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನಮ್ಮಲ್ಲಿ ಹುಗ್ಗಿ ಎಂದರೆ ಮದುವೆ, ಸಂಭ್ರಮ… ಅವರಲ್ಲಿ ಅದೇ ಗೋಧಿ ಶ್ರಾದ್ಧಕ್ಕೆ. ಗಾಬರಿಯಾಗಿ “ಸಾರಿ ಅಂಕಲ್, ಥ್ಯಾಂಕ್ಸ್ ಅಂಕಲ್” ಎಂದು ಏನೇನೋ ತೊದಲಿದೆ. ಅಂಕಲ್ ನನ್ನ ಭುಜದ ಮೇಲೆ ಕೈಯಿಟ್ಟರು. “ಇದನ್ನು ತಗೊಂಡು ಥ್ಯಾಂಕ್ಸ್ ಹೇಳಬಾರದು. ಬೊಗ್ದಾಪ್ರೋಸ್ತೆ ಅನ್ನಬೇಕು. ಸತ್ತವರನ್ನು ದೇವರು ಕ್ಷಮಿಸಲಿ ಅಂತ.” ನಾನು ಅಂದೆ. ತಪ್ಪಾಯಿತು. ಇನ್ನೊಂದು ಸಲ ಅನ್ನಿಸಿದರು. ಸರಿಯಾಗಿ ಅಂದ ಮೇಲೆ ಕುರ್ಚಿಯಲ್ಲಿ ಕುಸಿದು ಕೂತು ದೊಡ್ಡ ದನಿಯಲ್ಲಿ ಅತ್ತುಬಿಟ್ಟರು. ಟಿಕೆಟ್ ಕ್ಯಾನ್ಸಲ್ ಮಾಡಿದರು. ಯಾಕೆ ಅಂಕಲ್, ಊರಾದರೂ ನೋಡಿ ಬನ್ನಿ ಎಂದರೆ, “ಯಾರನ್ನು ನೋಡಲಿ?” ಎಂದರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಮುಗಿಯಲಿಲ್ಲ. ಮರುವರ್ಷ ಊರಿನಲ್ಲಿ ಉಳಿದಿದ್ದ ಅಭಿಮಾನಿಗಳು ಸೇರಿ ಕ್ಲಬ್ಬನ್ನು ಮತ್ತೆ ಎಬ್ಬಿಸಿದರು. ಅದೇ ಮೈದಾನ, ಅದೇ ಕಂದು–ಬಿಳಿ, ತೀರಾ ಕೆಳಗಿನ ಜಿಲ್ಲಾ ಲೀಗಿನಿಂದ ಶುರು. ಸುದ್ದಿ ಕೇಳಿ ಅಂಕಲ್ ಕುಣಿಯುತ್ತಾರೆಂದುಕೊಂಡಿದ್ದೆ. ಅವರು ಮಂಕಾಗಿ ಕೂತರು. ಊಟ ಬಿಟ್ಟರು. ಆಂಟಿಯನ್ನು ಕೇಳಿದರೆ, “ಬದುಕಿರೋದಕ್ಕೆ ಕೊಲೀವಾ ಮಾಡಿದನಲ್ಲ. ಈಗ ಹೆದರಿಕೆ. ಕರ್ಮ ಮುಗಿಸಿ ಮಣ್ಣು ಮಾಡಿದ್ದನ್ನು ವಾಪಸ್ ಮನೆಗೆ ಕರೆಯೋದು ಹೇಗೆ, ಕರೆದರೆ ಅದು ಬಾಳುತ್ತಾ ಅಂತ,” ಎಂದರು. ಆಂಟಿ ಅದನ್ನು ಗೇಲಿ ಮಾಡುತ್ತ ಹೇಳಲಿಲ್ಲ. ಅವರಿಗೂ ಹೆದರಿಕೆಯಿತ್ತು.

ಒಂದು ಸಂಜೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಅಂಕಲ್ ಬಂದು ಕೇಳಿದರು. “ನಿಮ್ಮ ಕಡೆ, ಸತ್ತ ಅಂತ ಎಲ್ಲ ಕಾರ್ಯ ಮಾಡಿಬಿಟ್ಟ ಮೇಲೆ ಮನುಷ್ಯ ವಾಪಸ್ ಬಂದರೆ ಏನು ಮಾಡ್ತೀರಿ?”

ನಗು ಬಂತು, ಆದರೆ ಅವರ ಮುಖ ನೋಡಿ ನಗಲಿಲ್ಲ. ಅಜ್ಜಿ ಹೇಳುತ್ತಿದ್ದ ಕಥೆಯೊಂದು ನೆನಪಾಯಿತು. ಮಿಲಿಟರಿಗೆ ಹೋದ ಅವರ ದೂರದ ನೆಂಟನೊಬ್ಬ ಸತ್ತನೆಂದು ಸುದ್ದಿ ಬಂದು, ಮನೆಯವರು ತಿಥಿ ಮಾಡಿ ಮುಗಿಸಿದ್ದರಂತೆ. ಒಂದು ದಿನ ಟ್ರಂಕು ಹೊತ್ತುಕೊಂಡು ಆ ಪುಣ್ಯಾತ್ಮ ಬಾಗಿಲಿಗೆ ಬಂದ. ಹೊಸಿಲು ದಾಟಿಸಲಿಲ್ಲ. ಮೈಗೆಲ್ಲ ತುಪ್ಪ ಹಚ್ಚಿ ಎಳೆಗೂಸಿನ ಹಾಗೆ ಸ್ನಾನ ಮಾಡಿಸಿ, ತೊಟ್ಟಿಲ ಪಕ್ಕದಲ್ಲಿ ಕೂರಿಸಿ, ಸೋದರತ್ತೆ ಕಿವಿಯಲ್ಲಿ ಹೆಸರು ಉಸುರಿ, ಮೀಸೆ ಬಂದ ಗಂಡಸಿಗೆ ಮತ್ತೆ ನಾಮಕರಣ ಮಾಡಿದರಂತೆ. “ಹೊಸದಾಗಿ ಹುಟ್ಟಿದ ಅಂತ ಲೆಕ್ಕ ಅಂಕಲ್. ಹಳೇ ಸಾವು ಇವನಿಗೆ ತಗುಲೋದಿಲ್ಲ.”

“ಆಮೇಲೆ ಬದುಕಿದನಾ?”

“ಬದುಕಿದ ಅಂಕಲ್. ಮೊಮ್ಮಕ್ಕಳನ್ನೂ ಕಂಡ.”

“ಹಾಗಾದರೆ ಮಾಡೋಣ,” ಎಂದುಬಿಟ್ಟರು.

ಆಂಟಿ ಮೊದಲು ಬೈದರು, ಆಮೇಲೆ ತಾವೇ ಕಸೂತಿಯ ಮೇಜುಬಟ್ಟೆ ತಂದುಕೊಟ್ಟರು. ಹಿತ್ತಲಲ್ಲಿದ್ದ, ಛತ್ರಿಯ ಹಾಗೆ ಕಂಬಿ ಚಾಚಿ ತಿರುಗುವ ಬಟ್ಟೆಕಂಬದ ಎರಡು ಕಂಬಿಗಳಿಗೆ ಅದನ್ನು ಜೋಲಿ ಕಟ್ಟಿದೆ. ಅಂಕಲ್ ಕುತ್ತಿಗೆಯ ಮಫ್ಲರು ತೆಗೆದು, ಕೂಸನ್ನು ಮಲಗಿಸುವ ಹಾಗೆ ಎರಡೂ ಕೈಯಲ್ಲಿ ಮಲಗಿಸಿದರು. ಗಾಳಿಗೆ ಕಂಬ ಕಿರ್ ಎಂದು ತಿರುಗಿತು, ಜೋಲಿ ತಾನಾಗಿಯೇ ತೂಗಿತು. ನನಗೆ ಬರುವ ಜೋಗುಳದ ಎರಡು ಸಾಲು ಹೇಳಿದೆ. ಹೆಸರು ಉಸುರಬೇಕು. ಅಂಕಲ್ ಬಗ್ಗಿದರು, ಆಗಲಿಲ್ಲ. “ನೀನೇ ಹೇಳು,” ಎಂದರು. ಸೋದರತ್ತೆಯ ಜಾಗದಲ್ಲಿ ನಿಂತು, ನೋಡದ ಊರಿನ, ನೋಡದ ಕ್ಲಬ್ಬಿನ ಹೆಸರನ್ನು ಮೂರು ಸಲ ಆ ಮಫ್ಲರಿಗೆ ಹೇಳಿದವನು ನಾನು. ಅಂಕಲ್ ಚಪ್ಪಾಳೆ ತಟ್ಟಿದರು. ಆಂಟಿ ಶಿಲುಬೆ ಮಾಡಿಕೊಂಡರು. ಆ ದಿನದಷ್ಟು ಖುಷಿಯಾಗಿ ಅವರನ್ನು ನಾನು ನೋಡಿದ್ದೇ ಇಲ್ಲ.

ಆ ಸೀಸನ್ ಪೂರ್ತಿ ಅಡುಗೆಕೋಣೆಯಲ್ಲಿ ಮತ್ತೆ ಹುರಿದ ಸೂರ್ಯಕಾಂತಿ ಬೀಜದ ವಾಸನೆ. ರೇಡಿಯೋದವರು ಇಷ್ಟು ಕೆಳಗಿನ ಲೀಗಿಗೆ ಬರುತ್ತಿರಲಿಲ್ಲ. ಯಾರೋ ಅಭಿಮಾನಿ ಮೆಟ್ಟಿಲ ಮೇಲಿಂದ ಫೋನಿನಲ್ಲಿ ಲೈವ್ ಮಾಡುತ್ತಿದ್ದ. ಎದುರಾಳಿಗಳು ಹಳ್ಳಿ ತಂಡಗಳು. ಗೋಲಿನ ಹಿಂದೆ ಹಸು ಮೇಯುವುದು ಕಾಣುತ್ತಿತ್ತು. ನಮ್ಮವರು ಗೆಲ್ಲುತ್ತ ಬಂದರು. ನೋಡಿ, ‘ನಮ್ಮವರು’ ಎಂದೇ ಬರೆಯುತ್ತಿದ್ದೇನೆ! ಅಂಕಲ್ ಮತ್ತೆ ಸೂಟ್‌ಕೇಸ್ ಇಳಿಸಿದರು.

ಆಗ ಊರಿನ ಪುರಸಭೆಯವರು ತಾವೂ ಒಂದು ತಂಡ ಕಟ್ಟಿದರು. ಹಳೆಯ ಹೆಸರು, ಹಳೆಯ ಲಾಂಛನ ಎರಡರ ಹಕ್ಕೂ ತಮ್ಮದೇ ಎಂದರು. ವಿಷಯ ಕೋರ್ಟಿಗೆ ಹೋಯಿತು. ಹೆಸರು ಪುರಸಭೆಯ ತಂಡಕ್ಕೆ ಸಿಕ್ಕಿತು. ಅಭಿಮಾನಿಗಳ ತಂಡ ಬೇರೆ ಹೆಸರು ಇಟ್ಟುಕೊಳ್ಳಬೇಕಾಯಿತು. ಅಷ್ಟು ಸಣ್ಣ ಊರಿಗೆ ಎರಡು ತಂಡ, ಎರಡಕ್ಕೂ ಕಂದು–ಬಿಳಿ. ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ ಕೂತರು. ಅರ್ಧ ಮೆಟ್ಟಿಲೂ ತುಂಬಲಿಲ್ಲ. ಅಂಕಲ್ ನನ್ನನ್ನು ಕೂರಿಸಿಕೊಂಡು ಕೇಳಿದರು. “ನಾವು ಹೆಸರಿಟ್ಟದ್ದು ಯಾವುದಕ್ಕೆ?”

ನನಗೇನು ಗೊತ್ತು? ಹೆಸರು ಒಂದರ ಬಳಿ, ಜೀವ ಇನ್ನೊಂದರ ಬಳಿ. ಅಜ್ಜಿಯ ಕಥೆಯಲ್ಲಿ ಇದಕ್ಕೆ ದಾರಿಯಿರಲಿಲ್ಲ. ಸೂಟ್‌ಕೇಸ್ ಹಾಲಿನಲ್ಲೇ ನಿಂತಿತ್ತು. ಅಂಕಲ್ ಎರಡರ ಆಟವನ್ನೂ ನೋಡಿದರು, ಯಾವುದು ಗೆದ್ದರೂ ನಗಲಿಲ್ಲ.

ಆಮೇಲೆ ನನಗೆ ಈ ದೇಶದಲ್ಲೇ ನೆಲೆಸಲು ಪಿಆರ್ ಆಯಿತು, ನಾರ್ವೆಸ್ಟಿನಲ್ಲಿ ಕೆಲಸ ಸಿಕ್ಕಿತು, ಸಿಡ್ನಿಗೆ ಬಂದೆ. ಮದುವೆ, ಮಗು, ಮಾರ್ಟ್‌ಗೇಜ್. ಆಗಾಗ ಫೋನ್ ಮಾಡುತ್ತಿದ್ದೆ. ಒಂದು ಸಲ ಅವರೇ ಹೇಳಿದರು, ಮೊದಲು ಅಭಿಮಾನಿಗಳ ತಂಡ ಲೀಗಿನಿಂದ ಹಿಂದೆ ಸರಿಯಿತು, ಈಗ ಪುರಸಭೆಯದೂ ನಿಂತಿದೆ ಎಂದು. ನಾನು “ಗೋಧಿ ಕುಟ್ಟೋಕೆ ನಾನು ಬರಲಾ ಅಂಕಲ್?” ಎಂದೆ.

“ಬೇಡ,” ಎಂದರು. “ಒಂದು ಸಲ ಅವಸರ ಮಾಡಿದೆ. ಈ ಸಲ ಮಾಡೋದಿಲ್ಲ. ಯಾರಿಗೆ ಗೊತ್ತು, ಮತ್ತೆ ಬರಬಹುದು.”

ಬರಲಿಲ್ಲ. ಬಂದದ್ದು ಆಂಟಿಯ ಫೋನು.

ಬೆಳಗಿನ ಫ್ಲೈಟ್ ಹಿಡಿದು ಹೋದೆ. ಸುಡು ಬೇಸಿಗೆ, ಆದರೂ ಪೆಟ್ಟಿಗೆಯಲ್ಲಿ ಮಲಗಿದ್ದ ಅಂಕಲ್ಲಿನ ಕುತ್ತಿಗೆಗೆ ಮಫ್ಲರ್ ಸುತ್ತಿದ್ದರು. ಚರ್ಚಿನ ಹಿಂದಿನ ಹಾಲಿನಲ್ಲಿ ಆಂಟಿ ಕೊಲೀವಾ ಹಂಚುತ್ತಿದ್ದರು. ಗೋಧಿ, ಆಕ್ರೋಟು, ನಿಂಬೆಸಿಪ್ಪೆ. ನಾನು ಬಟ್ಟಲು ತೆಗೆದುಕೊಂಡು, ಈ ಸಲ ಯಾರೂ ಹೇಳಿಕೊಡದೆ, “ಬೊಗ್ದಾಪ್ರೋಸ್ತೆ” ಎಂದೆ. ಆಂಟಿ ನನ್ನ ಕೆನ್ನೆ ಸವರಿದರು. “ಅವನ ಕ್ಲಬ್ಬಿನ ಹೆಸರಲ್ಲೂ ಇದರ ಜೊತೆಗೇ ಒಂದು ತಟ್ಟೆ ಇಟ್ಟುಬಿಡಲಾ ಅಂತ ಕೊನೇ ವಾರ ಕೇಳಿದೆ. ಬೇಡ ಅಂದ. ಕಾಯಿ ಅಂದ. ಯಾರು ಕಾಯೋದು ಹೇಳು? ನನ್ನ ಕೈಲಾಗುತ್ತಾ?” ಆಮೇಲೆ ಆಂಟಿ ಅಡಿಲೇಡಿನಲ್ಲಿರುವ ಸೋದರ ಸೊಸೆಯ ಹತ್ತಿರ ಹೋದರು. ಈಗ ಆ ನಂಬರಿಗೆ ಮಾಡಿದರೆ ಯಾರೂ ಎತ್ತುವುದಿಲ್ಲ.

ಆಫೀಸಿನಲ್ಲಿ ಊಟದ ಹೊತ್ತಿಗೆ ಒಮ್ಮೊಮ್ಮೆ ಫೋನಿನ ಮ್ಯಾಪ್‌ನಲ್ಲಿ ಆ ಊರನ್ನು ಹುಡುಕುತ್ತಿದ್ದೆ. ಮೇಲಿಂದ ತೆಗೆದ ಚಿತ್ರದಲ್ಲಿ ಮೊದಮೊದಲು ಮೈದಾನ ಹಸಿರಾಗಿಯೇ ಇತ್ತು, ಪಕ್ಕದಲ್ಲಿ ಮೆಟ್ಟಿಲ ಬೂದು ಗೆರೆಗಳು. ಆಮೇಲೆ ಹಸಿರು ಹೋಗಿ ಮಣ್ಣು ಕಂಡಿತು. ಕಳೆದ ವರ್ಷ ನೋಡಿದಾಗ ಅಲ್ಲೊಂದು ಸೂಪರ್‌ಮಾರ್ಕೆಟ್ ಎದ್ದಿತ್ತು. ಮೆಟ್ಟಿಲಿದ್ದ ಕಡೆ ಕಾರು ನಿಲ್ಲಿಸುವ ಬಿಳಿ ಗೆರೆಗಳು. ಅಲ್ಲಿಗೆ ಇನ್ನು ಏನೂ ಮರಳಿ ಬರುವುದಿಲ್ಲ. ನನಗಿದು ಗೊತ್ತು. ಅಂಕಲ್‌ಗೆ ಗೊತ್ತಾಗಲಿಲ್ಲ, ಅದೊಂದು ಪುಣ್ಯವೋ ಏನೋ…

ಭಾನುವಾರ ಹುಗ್ಗಿಯನ್ನು ಹಾಗೇ ತೆಗೆದುಕೊಂಡು ಮಾರ್ಸ್ಡನ್ ಪಾರ್ಕಿಗೆ ಹೋದೆವು. ಅಲ್ಲಿ ಎಲ್ಲವೂ ಸೊಗಸಾಗಿತ್ತು. ಬಾಡಿಗೆಗೆ ತಂದ ಮರದ ತೊಟ್ಟಿಲು, ಬಲೂನು, ಮೊಬೈಲಿನಲ್ಲಿ ಜೋಗುಳ. ಸೋದರತ್ತೆ ಬೆಂಗಳೂರಿನಿಂದ ವಿಡಿಯೋ ಕಾಲಿನಲ್ಲಿ ಬಂದು ಹೆಸರು ಹೇಳಿದರು, ಇಲ್ಲಿ ಮಗುವಿನ ಅಪ್ಪ ಫೋನಿನ ಸ್ಪೀಕರನ್ನು ಕೂಸಿನ ಕಿವಿಗೆ ಹಿಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಾರದೆ ಕಿಟಕಿಯಾಚೆ ನೋಡಿದೆ. ಆ ಮನೆಯ ಹಿತ್ತಲಲ್ಲೂ ಅಂಥದೇ ತಿರುಗುವ ಬಟ್ಟೆಕಂಬವಿತ್ತು, ಮಗುವಿನ ಬಿಳಿ ಬಟ್ಟೆಗಳು ಒಣಗುತ್ತಿದ್ದವು.

ಊಟಕ್ಕೆ ಕೂತಾಗ ಮಗುವಿನ ಅಜ್ಜಿ, ಊರಿನಿಂದ ಬಾಣಂತನಕ್ಕೆ ಬಂದವರು, ಮೊದಲು ನನಗೇ ಹುಗ್ಗಿ ಬಡಿಸಿದರು.

“ನಿಮ್ಮ ಮನೇದೇ ಅಂತಲ್ಲಪ್ಪ, ಏನೋ ಹೊಸ ಘಮ ಇದೆ. ಬಾಯಿ ತುಂಬ ತಿಂದು, ಕೂಸಿಗೆ ಬಾಯಿ ತುಂಬ ಒಂದು ಒಳ್ಳೆ ಮಾತು ಹೇಳು.”

ಗೋಧಿ ನಾಲಿಗೆಗೆ ತಾಗಿದ ಕೂಡಲೇ ಆ ಪದ ಎದ್ದು ಗಂಟಲವರೆಗೆ ಬಂತು. ಅಂಕಲ್ ಬಡಿಸದೆ ಉಳಿಸಿ ಹೋದ ತಟ್ಟೆಗೆ ಹೇಳಬೇಕಾದ ಪದ. ಆ ಕ್ಲಬ್ಬಿನ ಕಿವಿಯಲ್ಲಿ ಹೆಸರು ಹೇಳಿದವನು ನಾನು, ಈ ಪದವನ್ನೂ ಹೇಳಬೇಕಾದವನು ನಾನೇ. ಆ ಹೆಸರಿಗಾಗಿ ಅದನ್ನು ಹೇಳುವವರು ನನ್ನ ಹೊರತು ಈ ದೇಶದಲ್ಲಿ ಇನ್ನಾರೂ ಉಳಿದಿಲ್ಲ. ಆದರೆ ಎದುರಿಗೆ ತೊಟ್ಟಿಲಿತ್ತು, ತೊಟ್ಟಿಲಲ್ಲಿ ಹೆಸರು ಪಡೆದು ಇನ್ನೂ ಒಂದು ಗಳಿಗೆಯಾಗದ ಕೂಸು. ಅಂಥ ಕಡೆ ಸತ್ತವರ ಮಾತು ಆಡುವ ಹಾಗಿಲ್ಲ.

“ನೂರು ಕಾಲ ಬಾಳಲಿ ಅಜ್ಜಿ,” ಎಂದೆ. ಆ ಪದವನ್ನು ಹುಗ್ಗಿಯ ಜೊತೆ ನುಂಗಿಕೊಂಡೆ.